ಕ್ಲಚ್ ಪೆಡಲ್ ಇಲ್ಲದ ಲಾರಿ: ಅರೆ-ಸ್ವಯಂಚಾಲಿತ ಗೇರ್‌ಬಾಕ್ಸ್ ಒಳಗೆ ನಡೆಯುವುದೇನು, ಚಾಲಕ ಮಾಡಬೇಕಾದುದೇನು

ಮಂಗಳೂರಿನ ಪಣಂಬೂರು ಬಂದರಿನಲ್ಲಿ ಲೋಡ್ ಮಾಡಿಕೊಂಡು ಶಿರಾಡಿ ಘಾಟಿ ಹತ್ತಿ ಬೆಂಗಳೂರಿನ ಕಡೆ ಸಾಗುವ ಟ್ರೇಲರ್ ಲಾರಿಗಳಲ್ಲಿ ಕ್ಲಚ್ ಪೆಡಲ್ಲೇ ಇಲ್ಲದವು ಕೂಡ ಈಗ ಕಾಣಸಿಗುತ್ತವೆ. ಗಲ್ಫ್ ದೇಶಗಳಲ್ಲಿ ಹೆವಿ ಗಾಡಿ ಓಡಿಸುವ ಕರಾವಳಿಯ ಅನೇಕ ಚಾಲಕರಿಗೆ ಇವು ಹಳೆಯ ಪರಿಚಯ. ಆದರೆ ಊರಿನಲ್ಲಿ ಆರು ಅಥವಾ ಒಂಬತ್ತು ಗೇರಿನ ಲಿವರ್ ಎಳೆದು ಕೈ ಪಳಗಿದ ಚಾಲಕನೊಬ್ಬ ಮೊದಲ ಸಲ ಇಂಥ ಗಾಡಿ ಹತ್ತಿದಾಗ ಸಾಮಾನ್ಯವಾಗಿ ಎರಡರಲ್ಲಿ ಒಂದು ನಿರ್ಧಾರಕ್ಕೆ ಬರುತ್ತಾನೆ. ಒಂದೋ, ಇದು ಆಟೊಮ್ಯಾಟಿಕ್, ಎಲ್ಲವನ್ನೂ ತಾನೇ ನೋಡಿಕೊಳ್ಳುತ್ತದೆ ಎಂದುಕೊಂಡು ಸುಮ್ಮನಾಗುತ್ತಾನೆ. ಇಲ್ಲವೇ, ಏರಿನಲ್ಲಿ ಅದು ಹೊತ್ತಲ್ಲದ ಹೊತ್ತಿನಲ್ಲಿ ಗೇರ್ ಬದಲಿಸಿದ್ದನ್ನು ಒಮ್ಮೆ ಕಂಡು, ಇದನ್ನು ನಂಬುವ ಹಾಗಿಲ್ಲ ಎಂದು ತೀರ್ಮಾನಿಸುತ್ತಾನೆ. ಎರಡೂ ತಪ್ಪು ತಿಳಿವಳಿಕೆಗಳೇ. ಈ ಗೇರ್‌ಬಾಕ್ಸ್ ಚಾಲಕನ ಕೈಕಾಲಿನ ಶ್ರಮವನ್ನು ತಾನು ವಹಿಸಿಕೊಳ್ಳುತ್ತದೆಯೇ ಹೊರತು ಅವನ ಮುಂದಾಲೋಚನೆಯನ್ನು ಅಲ್ಲ. ಯಾವ ಕೆಲಸ ಯಾರದೆಂಬುದು ಸ್ಪಷ್ಟವಾಗಬೇಕಾದರೆ ಪೆಟ್ಟಿಗೆಯ ಒಳಗೆ ಏನಿದೆ ಎಂದು ಮೊದಲು ತಿಳಿಯಬೇಕು.

ಒಳಗಿರುವುದು ಹಳೆಯ ಗೇರ್‌ಬಾಕ್ಸೇ

ಕಾರುಗಳಲ್ಲಿ ಬರುವ ಪೂರ್ಣ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗಳಲ್ಲಿ ಅನೇಕವು ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರನ್ನು ಹೊಂದಿರುತ್ತವೆ. ಭಾರಿ ಲಾರಿಯ ಅರೆ-ಸ್ವಯಂಚಾಲಿತ ಗೇರ್‌ಬಾಕ್ಸಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಅಲ್ಲಿರುವುದು ಮಾಮೂಲಿ ಲಾರಿಯಲ್ಲಿರುವಂಥದೇ ಒಣ ಕ್ಲಚ್ ಪ್ಲೇಟ್, ಅಂಥವೇ ಹಲ್ಲಿನ ಚಕ್ರಗಳು, ಅಂಥವೇ ಶಾಫ್ಟ್‌ಗಳು. ವ್ಯತ್ಯಾಸ ಇಷ್ಟೇ: ಕ್ಲಚ್ಚನ್ನು ಒತ್ತುವುದು ಚಾಲಕನ ಎಡಗಾಲಲ್ಲ, ಗಾಳಿಯ ಒತ್ತಡದಿಂದ ಕೆಲಸ ಮಾಡುವ ಸಿಲಿಂಡರ್, ಗೇರನ್ನು ಸರಿಸುವುದು ಕೈಯಲ್ಲ, ಅಂಥವೇ ಇನ್ನಷ್ಟು ಗಾಳಿ ಸಿಲಿಂಡರ್‌ಗಳು, ಯಾವಾಗ ಒತ್ತಬೇಕು, ಯಾವಾಗ ಸರಿಸಬೇಕು ಎಂದು ಅವುಗಳಿಗೆ ಹೇಳುವುದು ಒಂದು ಎಲೆಕ್ಟ್ರಾನಿಕ್ ನಿಯಂತ್ರಣ ಘಟಕ. ಬ್ರೇಕಿಗೆ ಬೇಕಾದ ಗಾಳಿಯನ್ನು ಒದಗಿಸುವ ಕಂಪ್ರೆಸರೇ ಇದಕ್ಕೂ ಗಾಳಿ ಕೊಡುತ್ತದೆ.

2001ರಲ್ಲಿ ವೋಲ್ವೊ ಹೊರತಂದ ಐ-ಶಿಫ್ಟ್ ಈ ಬಗೆಯ ಗೇರ್‌ಬಾಕ್ಸ್‌ಗಳಲ್ಲಿ ಹೆಚ್ಚು ಹೆಸರಾದುದು. ವೋಲ್ವೊ ಲಾರಿಗಳು 1998ರಿಂದಲೂ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ತಯಾರಾಗುತ್ತಿರುವುದರಿಂದ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇದರಲ್ಲಿ ಮುಂದಕ್ಕೆ 12 ಗೇರ್‌ಗಳಿವೆ, ಆದರೆ ಒಳಗೆ 12 ಜೋಡಿ ಚಕ್ರಗಳಿಲ್ಲ. ನಡುವಿನ ಮುಖ್ಯ ಭಾಗದಲ್ಲಿ ಇರುವುದು ಮುಂದಕ್ಕೆ ಮೂರೇ ಗೇರ್. ಅದರ ಮುಂದೆ ಪ್ರತಿ ಗೇರನ್ನೂ ಎರಡಾಗಿ ಒಡೆಯುವ ಸ್ಪ್ಲಿಟರ್ ಇದೆ. ಹಿಂದೆ ಇಡೀ ಸಾಲನ್ನು ಲೋ ಮತ್ತು ಹೈ ಎಂದು ಎರಡು ಪಾಳಿಯಾಗಿಸುವ ರೇಂಜ್ ಭಾಗ ಇದೆ. ಮೂರನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿದರೆ 12. ಟಾಪ್ ಗೇರಿನಲ್ಲಿ ಎಂಜಿನ್ ತಿರುಗಿದಷ್ಟೇ ವೇಗದಲ್ಲಿ ಪ್ರೊಪೆಲ್ಲರ್ ಶಾಫ್ಟ್ ತಿರುಗುವ ಮಾದರಿಯಲ್ಲಿ ಒಂದನೇ ಗೇರಿನ ಅನುಪಾತ 14.94, ಏಳನೆಯದು 3.44, ಹನ್ನೆರಡನೆಯದು 1.00. ಒಂದು ಗೇರಿಗೂ ಮುಂದಿನದಕ್ಕೂ ನಡುವಿನ ಅಂತರ ಸರಾಸರಿ ಶೇಕಡಾ 28ರಷ್ಟು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಏರಿನಲ್ಲೂ ಇಳಿಜಾರಿನಲ್ಲೂ ಮುಂದೆ ಹೇಳುವ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ಗೇರ್ ಬದಲಾಗುವ ಆ ಒಂದು ಗಳಿಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗಾಡಿ ಎಂಟರಲ್ಲಿ ಓಡುತ್ತಿದೆ, ಎಂಜಿನ್ 1500 ಆರ್‌ಪಿಎಂನಲ್ಲಿದೆ (ನಿಮಿಷಕ್ಕೆ 1500 ಸುತ್ತು), ಒಂಬತ್ತಕ್ಕೆ ಹೋಗಬೇಕಾಗಿದೆ. ಗಾಡಿಯ ವೇಗ ಅಷ್ಟೇ ಇದ್ದರೆ ಒಂಬತ್ತರಲ್ಲಿ ಎಂಜಿನ್ ಸುಮಾರು 1160ಕ್ಕೆ ಇಳಿದಿರಬೇಕು. ನಿಯಂತ್ರಣ ಘಟಕವು ಮೊದಲು ಎಂಜಿನ್ನಿನ ಬಲವನ್ನು ಸೊನ್ನೆಗೆ ತರುತ್ತದೆ. ಹಲ್ಲುಗಳ ಮೇಲಿನ ಒತ್ತಡ ಸಡಿಲವಾದ ಕೂಡಲೇ ಎಂಟನೇ ಗೇರನ್ನು ಬಿಡಿಸುತ್ತದೆ. ಒಳಗಿನ ಕೌಂಟರ್‌ಶಾಫ್ಟ್ ಇನ್ನೂ ಜೋರಾಗಿ ತಿರುಗುತ್ತಿರುವುದರಿಂದ ಅದಕ್ಕೆಂದೇ ಇರುವ ಸಣ್ಣ ಬ್ರೇಕನ್ನು ಹಾಕಿ ಅದರ ವೇಗವನ್ನು ತಗ್ಗಿಸುತ್ತದೆ. ಎರಡೂ ಕಡೆಯ ವೇಗ ಸಮವಾದ ಕ್ಷಣದಲ್ಲಿ ಒಂಬತ್ತನ್ನು ಕೂಡಿಸಿ, ಎಂಜಿನ್ನಿಗೆ ಮತ್ತೆ ಬಲ ಕೊಡುತ್ತದೆ. ಕೆಳಗಿನ ಗೇರಿಗೆ ಬರುವಾಗ ಇದೇ ಕೆಲಸ ತಿರುಗುಮುರುಗಾಗುತ್ತದೆ: ಎಂಜಿನ್ನನ್ನು ರೈಸ್ ಮಾಡಿ ವೇಗ ಏರಿಸಿ, ಆಮೇಲೆ ಗೇರ್ ಕೂಡಿಸುತ್ತದೆ. ಹಳೆಯ ಗಾಡಿಗಳಲ್ಲಿ ನುರಿತ ಚಾಲಕರು ಎರಡು ಸಲ ಕ್ಲಚ್ ತುಳಿದು, ನಡುವೆ ರೈಸ್ ಕೊಟ್ಟು, ಕಿವಿಯ ಲೆಕ್ಕದ ಮೇಲೆ ಗೇರ್ ಹಾಕುತ್ತಿದ್ದುದು ಇದನ್ನೇ. ಯಂತ್ರವು ಆ ಕೌಶಲವನ್ನು ಹಲ್ಲಿನ ಚಕ್ರಗಳ ಪಕ್ಕದಲ್ಲಿರುವ ಸೆನ್ಸರ್‌ಗಳ ಲೆಕ್ಕದ ಮೇಲೆ ಮಾಡುತ್ತದೆ, ಮತ್ತು ದಣಿಯದೆ ಮಾಡುತ್ತದೆ. ಆದರೆ ಇಷ್ಟೂ ನಡೆಯುವ ಹೊತ್ತಿನಲ್ಲಿ, ಹೆಚ್ಚು ಕಡಿಮೆ ಒಂದು ಸೆಕೆಂಡ್, ಎಂಜಿನ್ನಿನ ಬಲ ಚಕ್ರಕ್ಕೆ ಹೋಗುವುದೇ ಇಲ್ಲ. ಭಾರಿ ಲಾರಿಯಲ್ಲಿ ಆ ಒಂದು ಸೆಕೆಂಡಿನ ಬೆಲೆ ಎಷ್ಟೆಂಬುದು ಏರಿನಲ್ಲಿ ಗೊತ್ತಾಗುತ್ತದೆ.

ಮೂರು ತಲೆಮಾರು, ಮೂರು ಬಗೆಯ ಪೆಡಲ್

ಅರೆ-ಸ್ವಯಂಚಾಲಿತ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಬಗೆಯ ಗಾಡಿಗಳಿವೆ, ಹೀಗಾಗಿ ಯಾವುದನ್ನು ಓಡಿಸುತ್ತಿದ್ದೇವೆ ಎಂಬುದು ಮೊದಲು ತಿಳಿದಿರಬೇಕು. 1980ರ ದಶಕದ ಮಧ್ಯದಲ್ಲಿ ಮರ್ಸಿಡಿಸ್-ಬೆಂಝ್ ತಂದ, ಗೇರನ್ನು ಎಲೆಕ್ಟ್ರಾನಿಕ್ ಸಂಕೇತ ಮತ್ತು ಗಾಳಿಯಿಂದ ಸರಿಸುವ ಇಪಿಎಸ್ ವ್ಯವಸ್ಥೆ, 1996ರಲ್ಲಿ ಬಂದ ಆಕ್ಟ್ರೋಸ್ ಲಾರಿಯಲ್ಲೂ ಮುಂದುವರಿದದ್ದು, ಕ್ಲಚ್ ಪೆಡಲನ್ನು ಉಳಿಸಿಕೊಂಡಿತ್ತು. ಅಲ್ಲಿ ಸೀಟಿನ ಪಕ್ಕದಲ್ಲಿ ಒಂದು ಗಿಡ್ಡ ಲಿವರ್ ಇರುತ್ತದೆ. ಅದನ್ನು ಮುಂದಕ್ಕೆ ತಳ್ಳಿದರೆ ಮೇಲಿನ ಗೇರ್, ಹಿಂದಕ್ಕೆ ಎಳೆದರೆ ಕೆಳಗಿನ ಗೇರ್. ಸ್ಪ್ಲಿಟರ್ ಒಡೆದ ಅರ್ಧ ಗೇರಿಗೆ ಪಕ್ಕದಲ್ಲೊಂದು ಸಣ್ಣ ಸ್ವಿಚ್. ಲಿವರ್ ತಳ್ಳಿದ ಮಾತ್ರಕ್ಕೆ ಗೇರ್ ಬದಲಾಗುವುದಿಲ್ಲ. ಬರಬೇಕಾದ ಗೇರಿನ ಸಂಖ್ಯೆ ಮುಂದಿನ ಫಲಕದಲ್ಲಿ ಮಿನುಗತೊಡಗುತ್ತದೆ, ಅಷ್ಟೇ. ಕ್ಲಚ್ಚನ್ನು ಪೂರ್ತಿ ತಳಮಟ್ಟ ಒತ್ತಿದಾಗ ಗಾಳಿ ಬಿಟ್ಟ ಸದ್ದಿನೊಡನೆ ಗೇರ್ ಬೀಳುತ್ತದೆ, ಮಿನುಗುವುದು ನಿಂತು ಸಂಖ್ಯೆ ಸ್ಥಿರವಾಗುತ್ತದೆ, ಆಗ ಕ್ಲಚ್ ಬಿಡಬೇಕು. ಅರ್ಧ ಒತ್ತಿ ಬಿಡುವ ಅಭ್ಯಾಸದವರು, ಅಥವಾ ಸಂಖ್ಯೆ ಸ್ಥಿರವಾಗುವ ಮೊದಲೇ ಕಾಲೆತ್ತುವವರು, ಗಾಡಿ ನ್ಯೂಟ್ರಲ್‌ನಲ್ಲೇ ಉಳಿಯುವುದನ್ನು ಕಾಣುತ್ತಾರೆ; ಏರಿನ ನಡುವೆ ಇದು ಸಣ್ಣ ಸಂಗತಿಯಲ್ಲ.

ಎರಡನೆಯ ಬಗೆಯಲ್ಲಿ ಕ್ಲಚ್ ಪೆಡಲ್ ಇದ್ದರೂ ಅದರ ಕೆಲಸ ಹೊರಡುವಾಗ, ನಿಲ್ಲುವಾಗ ಮತ್ತು ಅಂಗುಲ ಅಂಗುಲವಾಗಿ ಸರಿಸುವಾಗ ಮಾತ್ರ. ಸ್ಕ್ಯಾನಿಯಾದ ಆಪ್ಟಿಕ್ರೂಸ್ 1990ರ ದಶಕದಲ್ಲಿ ಹೀಗೆಯೇ ಇತ್ತು; 2009ರಲ್ಲಿ ಅದರಲ್ಲೂ ಕ್ಲಚ್ ಪೆಡಲ್ ಇಲ್ಲದ ರೂಪ ಬಂತು. ಮೂರನೆಯದು ಈಗ ಹೆಚ್ಚಾಗಿ ಕಾಣುವ ಎರಡೇ ಪೆಡಲಿನ ಗಾಡಿ. ಇದರಲ್ಲಿ ಆಟೊ, ಮ್ಯಾನುಯಲ್, ನ್ಯೂಟ್ರಲ್, ರಿವರ್ಸ್ ಎಂಬ ನಾಲ್ಕು ಸ್ಥಾನಗಳೂ, ಮ್ಯಾನುಯಲ್‌ನಲ್ಲಿ ಗೇರ್ ಏರಿಸಲು ಪ್ಲಸ್, ಇಳಿಸಲು ಮೈನಸ್ ಗುಂಡಿಗಳೂ ಇರುತ್ತವೆ. ಸೀಟಿನ ಪಕ್ಕದ ಲಿವರಾಗಿರಲಿ, ಸ್ಟೀರಿಂಗ್ ಪಕ್ಕದ ಕಡ್ಡಿಯಾಗಿರಲಿ, ಒಳಗಿನ ಅರ್ಥ ಒಂದೇ. ಮುಂದಿನ ಮಾತುಗಳೆಲ್ಲ ಮುಖ್ಯವಾಗಿ ಈ ಎರಡು ಪೆಡಲಿನ ಗಾಡಿಯ ಬಗ್ಗೆ.

ಹೊರಡುವಾಗ

ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಗೇರ್ ಹಾಕಲು ಹೋಗಬಾರದು. ಗೇರ್ ಸರಿಸುವುದು ಗಾಳಿಯಾದ್ದರಿಂದ, ಟ್ಯಾಂಕಿನಲ್ಲಿ ಸಾಕಷ್ಟು ಒತ್ತಡ ತುಂಬುವವರೆಗೆ ಗೇರ್ ಬೀಳುವುದಿಲ್ಲ, ಅಥವಾ ಅರೆಬರೆ ಬೀಳುತ್ತದೆ. ಗಾಳಿ ತುಂಬಿ, ಎಚ್ಚರಿಕೆಯ ದೀಪಗಳು ಆರಿದ ಮೇಲೆ ಬ್ರೇಕ್ ಒತ್ತಿಕೊಂಡು ಆಟೊಗೆ ಹಾಕಿದರೆ ಗಾಡಿಯು ತಾನು ಯಾವ ಗೇರಿನಿಂದ ಹೊರಡುತ್ತೇನೆಂಬುದನ್ನು ಫಲಕದಲ್ಲಿ ತೋರಿಸುತ್ತದೆ. ರಸ್ತೆಯ ಇಳಿಜಾರನ್ನು ಅಳೆಯುವ ಸೆನ್ಸರ್ ಮತ್ತು ಹೊತ್ತ ತೂಕದ ಅಂದಾಜು, ಇವೆರಡರ ಮೇಲೆ ಅದು ಆ ಗೇರನ್ನು ಆರಿಸಿರುತ್ತದೆ. ಖಾಲಿ ಗಾಡಿಯಾದರೆ ಸಮತಟ್ಟಿನಲ್ಲಿ ನಾಲ್ಕು ಐದರಿಂದಲೂ ಹೊರಡಬಹುದು. ಪೂರ್ತಿ ಲೋಡ್ ಇದ್ದು ಏರಿನಲ್ಲಿದ್ದರೆ ಒಂದರಿಂದ.

ಇಲ್ಲೊಂದು ಸೂಕ್ಷ್ಮವಿದೆ. ಅನೇಕ ವ್ಯವಸ್ಥೆಗಳು ಗಾಡಿಯ ತೂಕವನ್ನು ತೂಗಿ ತಿಳಿಯುವುದಿಲ್ಲ. ಎಂಜಿನ್ ಇಷ್ಟು ಬಲ ಕೊಟ್ಟಾಗ ಗಾಡಿಯ ವೇಗ ಎಷ್ಟು ಬೇಗ ಏರಿತು ಎಂಬುದರಿಂದ ಲೆಕ್ಕ ಹಾಕುತ್ತವೆ. ಆದ್ದರಿಂದ ಲೋಡ್ ತುಂಬಿಸಿದ ಅಥವಾ ಇಳಿಸಿದ ಮೇಲಿನ ಮೊದಲ ಕೆಲವು ಗೇರ್ ಬದಲಾವಣೆಗಳಲ್ಲಿ ಅದರ ಅಂದಾಜು ತಪ್ಪಿರಬಹುದು. ಬಂದರಿನಲ್ಲಿ ಖಾಲಿ ಬಂದು, ಪೂರ್ತಿ ಲೋಡ್ ಮಾಡಿಕೊಂಡು ಹೊರಡುವಾಗ ಫಲಕವು ಮೂರನೆಯ ಅಥವಾ ನಾಲ್ಕನೆಯ ಗೇರ್ ತೋರಿಸುತ್ತಿದ್ದರೆ, ಮೈನಸ್ ಒತ್ತಿ ಅದನ್ನು ಒಂದಕ್ಕೋ ಎರಡಕ್ಕೋ ಇಳಿಸಬೇಕಾದವನು ಚಾಲಕನೇ. ಹಿಂದೆ ಏನು ಹೇರಿದ್ದಾರೆಂಬುದು ಅವನಿಗೆ ಗೊತ್ತಿದೆ, ಪೆಟ್ಟಿಗೆಗೆ ಇನ್ನೂ ಗೊತ್ತಿಲ್ಲ.

ಹೊರಡುವ ಗೇರನ್ನು ಇಷ್ಟು ಒತ್ತಿ ಹೇಳಲು ಕಾರಣ ಕ್ಲಚ್. ಕಾಲಿನಿಂದ ಒತ್ತದಿದ್ದರೂ ಅದು ಉಜ್ಜಿಕೊಂಡೇ ಕೂಡುವ ಒಣ ಪ್ಲೇಟ್. ಎಂಜಿನ್ನಿನ ಮತ್ತು ಗೇರ್‌ಬಾಕ್ಸಿನ ವೇಗಗಳು ಸಮವಾಗುವವರೆಗೆ ಉಜ್ಜಿದಷ್ಟೂ ಹೊತ್ತು ಬಿಸಿ ಹುಟ್ಟುತ್ತದೆ. ಹಿಂಬದಿಯ ಆಕ್ಸಲ್ ಅನುಪಾತ 3.40 ಮತ್ತು ಟಯರಿನ ಸುತ್ತಳತೆ ಸುಮಾರು 3.2 ಮೀಟರ್ ಇರುವ ಗಾಡಿಯಲ್ಲಿ, ಎಂಜಿನ್ 600 ಆರ್‌ಪಿಎಂನಲ್ಲಿ ಸುಮ್ಮನೆ ತಿರುಗುತ್ತಿರುವಾಗ ಒಂದನೇ ಗೇರಿನ ವೇಗ ಗಂಟೆಗೆ ಎರಡೂಕಾಲು ಕಿಲೋಮೀಟರ್ ಮಾತ್ರ. ಅಂದರೆ ಗಾಡಿ ಅಷ್ಟು ವೇಗ ಪಡೆದೊಡನೆ ಕ್ಲಚ್ ಪೂರ್ತಿ ಕೂಡಿ ಉಜ್ಜುವುದು ನಿಲ್ಲುತ್ತದೆ. ನಾಲ್ಕರಿಂದ ಹೊರಟರೆ ಅದೇ ಸ್ಥಿತಿಗೆ ಬರಲು ಐದು ಕಿಲೋಮೀಟರ್ ವೇಗ ಬೇಕು, ಮತ್ತು ಆ ತನಕದ ಬಿಸಿ ಹಲವು ಪಟ್ಟು ಹೆಚ್ಚು.

ಏರಿನಲ್ಲಿ ನಿಂತು ಹೊರಡುವಾಗ ಗಾಡಿ ಹಿಂದಕ್ಕೆ ಜಾರದಂತೆ ಬ್ರೇಕನ್ನು ತಾನೇ ಹಿಡಿದಿಡುವ ಹಿಲ್-ಹೋಲ್ಡ್ ಇದ್ದರೆ ಅದನ್ನು, ಇಲ್ಲದಿದ್ದರೆ ಹ್ಯಾಂಡ್ ಬ್ರೇಕನ್ನು ಬಳಸಬೇಕು. ಆಕ್ಸಿಲರೇಟರ್ ಒತ್ತಿ, ಗಾಡಿ ಮುಂದಕ್ಕೆ ಎಳೆಯುವುದು ಮೈಗೆ ತಿಳಿದ ಮೇಲೆ ಬ್ರೇಕ್ ಬಿಡಬೇಕು. ಎಂದೂ ಮಾಡಬಾರದ ಕೆಲಸವೆಂದರೆ ಬ್ರೇಕ್ ಬಿಟ್ಟು, ಆಕ್ಸಿಲರೇಟರನ್ನು ಅಷ್ಟಿಷ್ಟು ಒತ್ತಿಕೊಂಡು, ಗಾಡಿ ಮುಂದಕ್ಕೂ ಹೋಗದೆ ಹಿಂದಕ್ಕೂ ಜಾರದೆ ನಿಲ್ಲುವಂತೆ ಹಿಡಿದಿಡುವುದು. ಟೋಲ್ ಗೇಟಿನ ಸಾಲಿನಲ್ಲಿ, ಮೇಲ್ಸೇತುವೆಯ ಏರಿನಲ್ಲಿ ಇದನ್ನು ಕಾಣುತ್ತಲೇ ಇರುತ್ತೇವೆ. ಅಷ್ಟೂ ಹೊತ್ತು ಎಂಜಿನ್ನಿನ ಬಲವೆಲ್ಲ ಕ್ಲಚ್ ಪ್ಲೇಟಿನಲ್ಲಿ ಬಿಸಿಯಾಗಿ ಹೋಗುತ್ತಿರುತ್ತದೆ. ಕಾಲಿನಲ್ಲಿ ಕ್ಲಚ್ ಇದ್ದಾಗ ಅದರ ಅದುರುವಿಕೆ ಚಾಲಕನನ್ನು ಎಚ್ಚರಿಸುತ್ತಿತ್ತು. ಈಗ ಆ ಸಂದೇಶ ಕಾಲಿಗೆ ಬರುವುದಿಲ್ಲ, ಫಲಕದಲ್ಲಿ ಕ್ಲಚ್ ಬಿಸಿಯಾಗಿದೆ ಎಂಬ ಸೂಚನೆಯಾಗಿ ಬರುತ್ತದೆ. ಬಂದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಚಾಲೂ ಇಟ್ಟು ಆರಲು ಬಿಡಬೇಕು. ಸುಟ್ಟ ವಾಸನೆ ಬಂದಮೇಲೂ ಎಳೆದರೆ ಪ್ಲೇಟ್ ಕೈಬಿಡುವುದು ಖಚಿತ.

ಏರು

ಆಕ್ಸಿಲರೇಟರ್ ಎಂಬುದು ಈ ಗಾಡಿಯಲ್ಲಿ ಬರೀ ಡೀಸೆಲ್ ಕೊಡುವ ಪೆಡಲ್ ಅಲ್ಲ, ಗೇರ್‌ಬಾಕ್ಸಿನೊಡನೆ ಚಾಲಕ ಮಾತನಾಡುವ ದಾರಿಯೂ ಹೌದು. ಕಾಲನ್ನು ಸ್ವಲ್ಪ ಸಡಿಲಿಸಿದರೆ ಮೇಲಿನ ಗೇರಿಗೆ ಬೇಗ ಹೋಗುತ್ತದೆ. ಗಟ್ಟಿಯಾಗಿ ಒತ್ತಿದ್ದರೆ ಎಂಜಿನ್ ಏರುವವರೆಗೆ ಕಾಯುತ್ತದೆ. ಪೆಡಲಿನ ಕೊನೆಯಲ್ಲಿ ಸಿಗುವ ತಡೆಯನ್ನೂ ದಾಟಿ ಒತ್ತಿದರೆ, ಅಂದರೆ ಕಿಕ್‌ಡೌನ್ ಕೊಟ್ಟರೆ, ಕೆಳಗಿನ ಗೇರಿಗೆ ಬಂದು ಎಳೆಯುತ್ತದೆ. ಇದು ತಿಳಿದಿದ್ದರೆ ಸಮತಟ್ಟಿನಲ್ಲಿ, ಹೆದ್ದಾರಿಯಲ್ಲಿ ಆಟೊ ಸ್ಥಾನವೇ ಸಾಕು, ಮತ್ತು ಹೆಚ್ಚಿನ ಚಾಲಕರಿಗಿಂತ ಅದೇ ಡೀಸೆಲನ್ನು ಚೆನ್ನಾಗಿ ಉಳಿಸುತ್ತದೆ ಎಂದು ಒಪ್ಪಬೇಕು. ಎಂಜಿನ್ನಿನ ಅತಿ ಹೆಚ್ಚು ಎಳೆತ ಸಾಮಾನ್ಯವಾಗಿ 1000ದಿಂದ 1400 ಆರ್‌ಪಿಎಂ ನಡುವೆ ಸಿಗುತ್ತದೆ. ಆಟೊ ಅದರ ಆಸುಪಾಸಿನಲ್ಲೇ ಎಂಜಿನ್ನನ್ನು ಇಡಲು ನೋಡುತ್ತದೆ.

ಘಾಟಿಯ ಏರಿನಲ್ಲಿ ಸಂಗತಿ ಬೇರೆ. ಒಟ್ಟು 40 ಟನ್ ತೂಕದ ಗಾಡಿ ಶೇಕಡಾ 5ರ ಏರನ್ನು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹತ್ತುತ್ತಿದೆ ಎಂದುಕೊಳ್ಳೋಣ. ಏರು ಮತ್ತು ಟಯರಿನ ಎಳೆತ ಸೇರಿ ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ ಎಷ್ಟೆಂದರೆ, ಎಂಜಿನ್ನಿನ ಬಲ ಒಂದು ಸೆಕೆಂಡ್ ಕಡಿದರೆ ವೇಗದಲ್ಲಿ ಎರಡು ಕಿಲೋಮೀಟರ್ ಇಳಿಯುತ್ತದೆ. 1500 ಆರ್‌ಪಿಎಂನಿಂದ ಮೇಲಿನ ಗೇರಿಗೆ ಹೋದರೆ ಲೆಕ್ಕದ ಪ್ರಕಾರ ಎಂಜಿನ್ 1170ಕ್ಕೆ ಬರಬೇಕಿತ್ತು. ಆದರೆ ಅಷ್ಟರಲ್ಲಿ ಗಾಡಿಯೇ ಹತ್ತರಲ್ಲಿ ಒಂದು ಪಾಲು ವೇಗ ಕಳೆದುಕೊಂಡಿರುವುದರಿಂದ ಅದು ಬಂದು ನಿಲ್ಲುವುದು 1050ರಲ್ಲಿ. ಅಲ್ಲಿಂದ ಎಳೆಯಲಾರದೆ ಪೆಟ್ಟಿಗೆ ಮತ್ತೆ ಕೆಳಗಿನ ಗೇರಿಗೆ ಬರುತ್ತದೆ, ಮತ್ತೆ ಒಂದು ಸೆಕೆಂಡ್ ಹೋಯಿತು, ಮತ್ತೆ ಎರಡು ಕಿಲೋಮೀಟರ್ ಹೋಯಿತು. ಏರಿನ ನಡುವೆ ಗಾಡಿ ಮೇಲಕ್ಕೂ ಕೆಳಕ್ಕೂ ಗೇರ್ ಬದಲಿಸುತ್ತ ಉಸಿರು ಕಳೆದುಕೊಳ್ಳುವುದು ಹೀಗೆ. ಆಗ ಮ್ಯಾನುಯಲ್‌ಗೆ ತಂದು, ಎಂಜಿನ್ 1300ರಿಂದ 1600ರೊಳಗೆ ಹಾಯಾಗಿ ಎಳೆಯುವ ಗೇರಿನಲ್ಲಿ ಹಿಡಿದು, ಏರು ಮುಗಿಯುವವರೆಗೆ ಮುಟ್ಟದಿರುವುದು ಸರಿಯಾದ ಕ್ರಮ. ಪವರ್ ಮೋಡ್ ಎಂಬ ಸ್ವಿಚ್ ಇರುವ ಗಾಡಿಗಳಲ್ಲಿ ಅದನ್ನು ಹಾಕಿದರೆ ಪೆಟ್ಟಿಗೆಯೇ ತಡಮಾಡಿ ಗೇರ್ ಏರಿಸುತ್ತದೆ, ಆದರೆ ತಿರುವು ತುಂಬಿದ ಘಾಟಿಗೆ ಕೈಯಲ್ಲಿ ಹಿಡಿದ ಗೇರೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇದರ ಮೂಲದಲ್ಲಿರುವ ಕಾರಣ ಒಂದೇ. ಪೆಟ್ಟಿಗೆಗೆ ಚಕ್ರದ ಕೆಳಗಿನ ರಸ್ತೆ ಗೊತ್ತು, ಮುಂದಿನ ರಸ್ತೆ ಗೊತ್ತಿಲ್ಲ. ಹೇರ್‌ಪಿನ್ ತಿರುವಿನ ಮುಂಚೆ ಚಾಲಕ ಆಕ್ಸಿಲರೇಟರ್ ಬಿಟ್ಟಾಗ, ಅವನಿಗೆ ಇನ್ನು ಬಲ ಬೇಡವಾಯಿತು ಎಂದು ಭಾವಿಸಿ ಅದು ಮೇಲಿನ ಗೇರಿಗೆ ಹೋಗಿಬಿಡಬಹುದು. ತಿರುವು ಮುಗಿದು ಏರು ಎದುರಾದಾಗ ಬೇಕಾದುದು ಅದಕ್ಕಿಂತ ಎರಡು ಗೇರ್ ಕೆಳಗಿನದು. ತಿರುವಿಗೆ ಮೊದಲೇ ಮೈನಸ್ ಒತ್ತಿಕೊಂಡ ಚಾಲಕನಿಗೆ ಈ ತೊಂದರೆಯಿಲ್ಲ. 2012ರ ಆಸುಪಾಸಿನಿಂದ ಕೆಲವು ಕಂಪನಿಗಳು ಉಪಗ್ರಹದ ಸ್ಥಾನಸೂಚನೆ ಮತ್ತು ರಸ್ತೆಯ ಏರಿಳಿತದ ನಕ್ಷೆಯನ್ನು ಜೋಡಿಸಿ, ಮುಂದಿನ ಏರನ್ನು ಮೊದಲೇ ಅರಿತು ಗೇರ್ ಆರಿಸುವ ವ್ಯವಸ್ಥೆಗಳನ್ನು ಯುರೋಪಿನಲ್ಲಿ ತಂದಿವೆ. ಅವೂ ಏರಿಳಿತವನ್ನು ಬಲ್ಲವೇ ಹೊರತು, ತಿರುವಿನಾಚೆ ಕೆಟ್ಟು ನಿಂತ ಗಾಡಿಯನ್ನಾಗಲಿ, ಎದುರಿನಿಂದ ಓವರ್‌ಟೇಕ್ ಮಾಡಿಕೊಂಡು ಬರುವ ಬಸ್ಸನ್ನಾಗಲಿ ಕಾಣುವುದಿಲ್ಲ.

ಇಳಿಜಾರು

ಈ ಲೇಖನದಲ್ಲಿ ಯಾವುದಾದರೂ ಒಂದು ಭಾಗವನ್ನು ಎರಡು ಸಲ ಓದಬೇಕೆಂದರೆ ಅದು ಇದು. ಏರಿನ ತಪ್ಪು ಗಾಡಿಯನ್ನು ನಿಲ್ಲಿಸುತ್ತದೆ, ಇಳಿಜಾರಿನ ತಪ್ಪು ಜೀವ ತೆಗೆಯುತ್ತದೆ.

40 ಟನ್ ತೂಕದ ಗಾಡಿ ಪ್ರತಿ 100 ಮೀಟರ್ ಎತ್ತರದಿಂದ ಇಳಿದಾಗಲೂ ಸುಮಾರು 11 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಹೊರಬೀಳುತ್ತದೆ, ಮತ್ತು ಅದರಲ್ಲಿ ಬಹುಪಾಲು ಎಲ್ಲೋ ಒಂದು ಕಡೆ ಬಿಸಿಯಾಗಲೇಬೇಕು. ಸಕಲೇಶಪುರ ಇರುವುದು ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿ. ಅಲ್ಲಿಂದ ದೋಣಿಗಾಲ್, ಮಾರನಹಳ್ಳಿ ದಾಟಿ ಗುಂಡ್ಯದವರೆಗೆ ರಾಷ್ಟ್ರೀಯ ಹೆದ್ದಾರಿ 75 ಇಳಿಯುತ್ತಲೇ ಹೋಗುತ್ತದೆ. ಶೇಕಡಾ 5ರ ಇಳಿಜಾರಿನಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗ ಏರದಂತೆ ಹಿಡಿಯಲು ಸುಮಾರು 140 ಕಿಲೋವ್ಯಾಟ್ ತಡೆ ಬೇಕು. 60 ಕಿಲೋಮೀಟರ್ ವೇಗದಲ್ಲಾದರೆ ಅದರ ಹತ್ತಿರಹತ್ತಿರ ಇಮ್ಮಡಿ. ಇದನ್ನು ಕಾಲಿನ ಬ್ರೇಕಿನ ಮೇಲೆಯೇ ಹಾಕಿದರೆ ಡ್ರಮ್ ಮತ್ತು ಲೈನರ್ ಕಾದು, ಕೆಲವೇ ನಿಮಿಷಗಳಲ್ಲಿ ಬ್ರೇಕ್ ಹಿಡಿಯುವುದನ್ನು ನಿಲ್ಲಿಸುತ್ತದೆ. ಬ್ರೇಕ್ ಫೇಲ್ ಎಂದು ಮರುದಿನ ಪತ್ರಿಕೆಯಲ್ಲಿ ಬರುವ ಅವಘಡಗಳಲ್ಲಿ ಅನೇಕ ಸಲ ಕೆಟ್ಟದ್ದು ಬ್ರೇಕಿನ ಯಾವುದೇ ಬಿಡಿಭಾಗವಲ್ಲ, ಅದಕ್ಕೆ ಹೊರಿಸಿದ ಹೊರೆಯೇ ಅದರ ಶಕ್ತಿಯನ್ನು ಮೀರಿದ್ದು.

ಆ ಹೊರೆಯನ್ನು ಹೊರಬೇಕಾದುದು ಎಂಜಿನ್ ಬ್ರೇಕ್. ಎಕ್ಸಾಸ್ಟ್ ಬ್ರೇಕಾಗಲಿ, ಎಂಜಿನ್ನಿನೊಳಗೆ ಅದುಮಿದ ಗಾಳಿಯನ್ನು ಬಿಟ್ಟು ತಡೆ ಹುಟ್ಟಿಸುವ ಕಂಪ್ರೆಶನ್ ಬ್ರೇಕಾಗಲಿ, ಎರಡರ ಬಲವೂ ಎಂಜಿನ್ ತಿರುಗುವ ವೇಗವನ್ನು ಅವಲಂಬಿಸಿದೆ. 2000 ಆರ್‌ಪಿಎಂ ಮೇಲೆ ಸಿಗುವ ತಡೆ 1200ರಲ್ಲಿ ಅದರ ಅರ್ಧದ ಆಸುಪಾಸಿಗೆ ಬಂದುಬಿಡುತ್ತದೆ. ಡೀಸೆಲ್ ಉಳಿಸಲು ಆರ್‌ಪಿಎಂ ಮೀಟರಿನ ಹಸಿರು ಪಟ್ಟಿಯೊಳಗೇ ಎಂಜಿನ್ನನ್ನು ಇಡಬೇಕೆಂದು ಕಲಿತ ಪಾಠ ಇಲ್ಲಿ ಪೂರ್ತಿ ತಲೆಕೆಳಗು. ಇಳಿಯುವಾಗ ಎಂಜಿನ್ ಜೋರಾಗಿ ಕೂಗಬೇಕು. ಆ ಹೊತ್ತಿನಲ್ಲಿ ಅದಕ್ಕೆ ಡೀಸೆಲ್ ಹೋಗುತ್ತಿರುವುದಿಲ್ಲವಾದ್ದರಿಂದ ಆ ಸದ್ದಿಗೆ ಹೆದರಬೇಕಾಗಿಲ್ಲ, ತಯಾರಕರು ಎಂಜಿನ್ ಬ್ರೇಕಿಗೆಂದು ಗುರುತಿಸಿದ ಪಟ್ಟಿಯನ್ನು ದಾಟದಂತೆ ನೋಡಿಕೊಂಡರೆ ಸಾಕು. ಮೇಲೆ ಹೇಳಿದ ಗಾಡಿಯಲ್ಲೇ ಲೆಕ್ಕ ಹಾಕಿದರೆ, 2000 ಆರ್‌ಪಿಎಂನಲ್ಲಿ ಆರನೇ ಗೇರಿನ ವೇಗ 26 ಕಿಲೋಮೀಟರ್, ಏಳನೆಯದು 33, ಎಂಟನೆಯದು 42. ಯಾವ ವೇಗದಲ್ಲಿ ಇಳಿಯಬೇಕೆಂದು ರಸ್ತೆ ನೋಡಿ ನಿರ್ಧರಿಸಿದರೆ ಗೇರ್ ತಾನಾಗಿಯೇ ನಿರ್ಧಾರವಾಗುತ್ತದೆ.

ಈಗ ಒಬ್ಬ ಚಾಲಕ ಆಟೊದಲ್ಲೇ ಇಟ್ಟು ಹತ್ತನೇ ಗೇರಿನಲ್ಲಿ 50 ಕಿಲೋಮೀಟರ್ ವೇಗದಲ್ಲಿ ಘಾಟಿಯ ತಲೆ ದಾಟಿದ ಎಂದುಕೊಳ್ಳಿ. ಗಾಡಿ ಓಡತೊಡಗಿದ್ದು ಗೊತ್ತಾಗಿ ಮ್ಯಾನುಯಲ್‌ಗೆ ತಂದು ಮೈನಸ್ ಒತ್ತುತ್ತಾನೆ. ಒಂಬತ್ತು ಬರುತ್ತದೆ. ಮತ್ತೆ ಒತ್ತುತ್ತಾನೆ, ಎಂಟು ಬರುವುದಿಲ್ಲ. ಮತ್ತೆ ಮತ್ತೆ ಒತ್ತಿದರೂ ಫಲಕದಲ್ಲಿ ಒಂಬತ್ತೇ ನಿಂತಿದೆ. ಕಾರಣ, ಆ ವೇಗದಲ್ಲಿ ಎಂಟಕ್ಕೆ ಬಂದರೆ ಎಂಜಿನ್ 2400ಕ್ಕೆ ಹಾರುತ್ತದೆ, ಏಳಕ್ಕೆ ಬಂದರೆ 3000 ದಾಟುತ್ತದೆ. ಎಂಜಿನ್ ಒಡೆಯುವುದನ್ನು ತಪ್ಪಿಸಲು ಪೆಟ್ಟಿಗೆ ಆ ಅಪ್ಪಣೆಯನ್ನು ಒಪ್ಪುವುದಿಲ್ಲ. ಗೇರ್ ಕೆಟ್ಟಿದೆ ಎಂದುಕೊಂಡು ಗಾಬರಿಯಾಗುವ ಹೊತ್ತು ಅದು, ಆದರೆ ಏನೂ ಕೆಟ್ಟಿಲ್ಲ, ಹೊತ್ತು ಮೀರಿದೆ, ಅಷ್ಟೇ. ಉಳಿದಿರುವ ದಾರಿ ಒಂದೇ: ಕಾಲಿನ ಬ್ರೇಕನ್ನು ಸವರುತ್ತ ಕೂರದೆ, ಒಮ್ಮೆ ಗಟ್ಟಿಯಾಗಿ ಹಾಕಿ ವೇಗವನ್ನು 30ರ ಕೆಳಗೆ ತಂದು, ಆ ಕೂಡಲೇ ಮೈನಸ್ ಒತ್ತಿ ಏಳು ಅಥವಾ ಆರನ್ನು ಹಿಡಿದು, ಬ್ರೇಕಿಗೆ ಆರಲು ಬಿಡುವುದು. ಇದು ಬ್ರೇಕ್ ಇನ್ನೂ ತಣ್ಣಗಿರುವಾಗ ಮಾತ್ರ ಸಾಧ್ಯವಾಗುವ ಕೆಲಸ. ಹಾಗಾಗಿ ಘಾಟಿ ಇಳಿಯುವ ಗೇರನ್ನು ಘಾಟಿ ಶುರುವಾಗುವ ಮುಂಚೆಯೇ, ರಸ್ತೆ ಇನ್ನೂ ಹೆಚ್ಚು ಕಡಿಮೆ ಸಮವಾಗಿರುವಲ್ಲಿ ಹಾಕಿಕೊಳ್ಳಬೇಕು.

ಇಷ್ಟರಲ್ಲೇ ಇನ್ನೆರಡು ಮಾತು ಸೇರಿಸಬೇಕು. ಮ್ಯಾನುಯಲ್‌ನಲ್ಲಿದ್ದರೂ ಎಂಜಿನ್ ವೇಗ ಅಪಾಯದ ಗೆರೆ ಮುಟ್ಟಿದರೆ ಕೆಲವು ಗಾಡಿಗಳು ತಾವೇ ಮೇಲಿನ ಗೇರಿಗೆ ಹೋಗುತ್ತವೆ. ಇಳಿಜಾರಿನಲ್ಲಿ ಹಾಗಾದರೆ ತಡೆ ಒಮ್ಮೆಲೇ ಕುಗ್ಗುತ್ತದೆ, ಆದ್ದರಿಂದ ಆ ಗೆರೆಯ ಸಮೀಪಕ್ಕೆ ಹೋಗುವ ಮೊದಲೇ ಬ್ರೇಕ್ ಹಾಕಿ ವೇಗ ತಗ್ಗಿಸಬೇಕು. ಕಾಲಿನ ಬ್ರೇಕನ್ನು ಬಳಸದೆ ಗಾಡಿಯ ಓಟವನ್ನು ತಡೆಯುವ ರಿಟಾರ್ಡರ್ ಎಂಬ ಸಾಧನ ಇರುವ ಗಾಡಿಯವರು ಕೆಳಗಿನ ಗೇರ್ ಬೇಡವೆಂದು ತಿಳಿಯುವುದೂ ಉಂಟು. ಹೈಡ್ರಾಲಿಕ್ ರಿಟಾರ್ಡರ್ ತಾನು ಹುಟ್ಟಿಸುವ ಬಿಸಿಯನ್ನೆಲ್ಲ ಎಂಜಿನ್ನಿನ ರೇಡಿಯೇಟರ್ ನೀರಿಗೆ ಸುರಿಯುತ್ತದೆ. ಎಂಜಿನ್ ನಿಧಾನ ತಿರುಗುತ್ತಿದ್ದರೆ ನೀರಿನ ಪಂಪೂ ಫ್ಯಾನೂ ನಿಧಾನ, ನೀರು ಕಾದು ರಿಟಾರ್ಡರ್ ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಕೆಳಗಿನ ಗೇರೇ ಆಸರೆ.

ನ್ಯೂಟ್ರಲ್‌ನಲ್ಲಿ ಇಳಿಸುವ ವಿಷಯ. ಡೀಸೆಲ್ ಉಳಿಯುತ್ತದೆಂದು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವ ಅಭ್ಯಾಸ ನಮ್ಮಲ್ಲಿ ಹಳೆಯದು, ಮತ್ತು ಅದು ಲೆಕ್ಕದಲ್ಲೂ ತಪ್ಪು: ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಈಗಿನ ಎಂಜಿನ್ನಿಗೆ ಡೀಸೆಲ್ ಹೋಗುವುದೇ ಇಲ್ಲ, ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಇಡಲು ಹೋಗುತ್ತಲೇ ಇರುತ್ತದೆ. ಅರೆ-ಸ್ವಯಂಚಾಲಿತ ಗಾಡಿಯಲ್ಲಿ ಇದು ಇನ್ನೂ ಅಪಾಯಕಾರಿ, ಏಕೆಂದರೆ ವೇಗ ಏರಿದ ಮೇಲೆ ಗೇರನ್ನು ಬಲವಂತವಾಗಿ ತೂರಿಸಲು ಇಲ್ಲಿ ಲಿವರ್ ಇಲ್ಲ. ಕೆಲವು ಗಾಡಿಗಳು ಸೌಮ್ಯವಾದ ಇಳಿಜಾರಿನಲ್ಲಿ ತಾವಾಗಿಯೇ ಎಂಜಿನ್ನನ್ನು ಬಿಡಿಸಿ ಉರುಳುವ ಇಕೊ-ರೋಲ್ ಎಂಬ ಸೌಲಭ್ಯ ಹೊಂದಿವೆ; ಬ್ರೇಕ್ ಮುಟ್ಟಿದ ಕೂಡಲೇ ಅದು ಗೇರನ್ನು ಮತ್ತೆ ಕೂಡಿಸುತ್ತದೆ. ಅದನ್ನು ಕಂಡು, ಗಾಡಿಯೇ ನ್ಯೂಟ್ರಲ್ ಮಾಡುತ್ತದಲ್ಲ ಎಂದು ಘಾಟಿಯಲ್ಲಿ ಕೈಯಿಂದ ನ್ಯೂಟ್ರಲ್ ಮಾಡುವುದು ದೊಡ್ಡ ಅನಾಹುತಕ್ಕೆ ದಾರಿ.

ನಿಧಾನದ ಕೆಲಸಗಳು

ನಗರದ ದಟ್ಟಣೆಯಲ್ಲಿ ಎಡಗಾಲಿಗೆ ಸಿಗುವ ಬಿಡುವು ಈ ಗಾಡಿಯ ದೊಡ್ಡ ಉಪಕಾರ. ಅಲ್ಲಿ ಪಾಲಿಸಬೇಕಾದ ಕ್ರಮ ಸರಳ: ಮುಂದಿನ ಗಾಡಿ ಎರಡಡಿ ಸರಿದಾಗಲೆಲ್ಲ ಸರಿಯದೆ, ಸ್ವಲ್ಪ ಜಾಗ ಬಿಡುವವರೆಗೆ ಕಾದು, ಒಂದು ಅಥವಾ ಎರಡನೇ ಗೇರಿನಲ್ಲಿ ಹೊರಟು, ಕ್ಲಚ್ ಪೂರ್ತಿ ಕೂಡಿದ ಮೇಲೆ ಆಕ್ಸಿಲರೇಟರ್ ಬಿಟ್ಟು, ಎಂಜಿನ್ನಿನ ಐಡ್ಲಿಂಗ್ ವೇಗದಲ್ಲೇ ಗಾಡಿಯನ್ನು ನಡೆಯಲು ಬಿಡುವುದು. ಹಿಂದಕ್ಕೆ ತೆಗೆಯುವಾಗ ಗಾಡಿ ಪೂರ್ತಿ ನಿಂತ ಮೇಲೆಯೇ ರಿವರ್ಸ್‌ಗೆ ಹಾಕಬೇಕು, ಮತ್ತು ಗೋದಾಮಿನ ಕಟ್ಟೆಗೆ ತಾಗಿಸುವಂಥ ಅಂಗುಲದ ಕೆಲಸದಲ್ಲಿ ರಿವರ್ಸಿನ ಅತಿ ಕೆಳಗಿನ ಗೇರನ್ನೇ ಆರಿಸಬೇಕು.

ರೈಲ್ವೆ ಗೇಟ್ ದಾಟುವಾಗ ಮ್ಯಾನುಯಲ್‌ನಲ್ಲಿ ಒಂದು ಗೇರ್ ಹಿಡಿದು, ಟ್ರೇಲರಿನ ಕೊನೆಯ ಚಕ್ರ ಹಳಿ ದಾಟುವವರೆಗೂ ಅದೇ ಗೇರಿನಲ್ಲಿ ಹೋಗಬೇಕು. ಹಳಿಗಳ ಮೇಲೆ ಗೇರ್ ಬದಲಾಗುವ ಅವಕಾಶವನ್ನೇ ಕೊಡಬಾರದು. ಗಣಿಯ ಕೆಸರಿನಲ್ಲೂ ಇದೇ ನಿಯಮ, ಅಲ್ಲಿ ಕಾರಣ ಮಾತ್ರ ಬೇರೆ: ಒಂದು ಸೆಕೆಂಡ್ ಬಲ ಕಡಿದರೂ ಗಾಡಿ ಕೆಸರಿನಲ್ಲಿ ನಿಂತುಬಿಡುತ್ತದೆ, ಮತ್ತು ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವುದು ಕ್ಲಚ್ಚಿಗೆ ಶಿಕ್ಷೆ. ಎರಡೂ ಬದಿಯ ಚಕ್ರಗಳು ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕನ್ನು ಹೂತುಹೋದ ಮೇಲಲ್ಲ, ಕೆಸರಿಗೆ ಇಳಿಯುವ ಮುಂಚೆ ಹಾಕಿರಬೇಕು.

ಆರೈಕೆ, ಮತ್ತು ಕೆಟ್ಟು ನಿಂತಾಗ

ಈ ಪೆಟ್ಟಿಗೆಯ ದೊಡ್ಡ ಶತ್ರು ಗಾಳಿಯೊಳಗಿನ ತೇವ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಕಂಪ್ರೆಸರ್ ಎಳೆದುಕೊಳ್ಳುವ ಗಾಳಿಯಲ್ಲಿ ನೀರಿನಂಶ ಹೆಚ್ಚು. ಏರ್ ಡ್ರೈಯರ್ ಸೋತಿದ್ದರೆ ಆ ನೀರು, ಕಂಪ್ರೆಸರಿನ ಎಣ್ಣೆಯ ಜೊತೆ ಸೇರಿ, ಗೇರ್ ಸರಿಸುವ ಸಣ್ಣ ಸಣ್ಣ ವಾಲ್ವ್‌ಗಳಿಗೆ ತಲುಪಿ ಅಂಟಾಗಿ ಕೂರುತ್ತದೆ. ಆಮೇಲೆ ಒಂದು ಗೇರ್ ತಡವಾಗಿ ಬೀಳುವುದು, ಇನ್ನೊಂದು ಬೀಳದೆಯೇ ಇರುವುದು ಶುರುವಾಗುತ್ತದೆ, ಮತ್ತು ಎಲ್ಲರೂ ಕಂಪ್ಯೂಟರನ್ನು ದೂರುತ್ತಾರೆ. ಏರ್ ಟ್ಯಾಂಕಿನ ಕೆಳಗಿನ ವಾಲ್ವ್ ಎಳೆದಾಗ ನೀರು ಬಂದರೆ ಡ್ರೈಯರಿನ ಕಾರ್ಟ್ರಿಜ್ ಬದಲಿಸುವ ಕಾಲ ಬಂತೆಂದೇ ಅರ್ಥ. ಕ್ಲಚ್ ಪ್ಲೇಟ್ ಹೊಸದಾಗಿ ಹಾಕಿಸಿದಾಗ, ಅದು ಎಲ್ಲಿ ಹಿಡಿಯತೊಡಗುತ್ತದೆ ಎಂಬುದನ್ನು ನಿಯಂತ್ರಣ ಘಟಕಕ್ಕೆ ಮತ್ತೆ ಕಲಿಸಬೇಕಾಗುತ್ತದೆ. ಅದನ್ನು ಬಿಟ್ಟರೆ ಹೊಸ ಕ್ಲಚ್ಚಿನಲ್ಲೂ ಗಾಡಿ ಜಿಗಿಯುತ್ತ ಹೊರಡುತ್ತದೆ.

ನಿಲ್ಲಿಸುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಆಮೇಲೆ ಎಂಜಿನ್ ಆರಿಸಬೇಕು. ಮಾಮೂಲಿ ಲಾರಿಯನ್ನು ಗೇರಿನಲ್ಲಿ ಬಿಟ್ಟು ಹೋಗುವ ಅಭ್ಯಾಸ ಇಲ್ಲಿ ನಡೆಯದು. ಅನೇಕ ಗಾಡಿಗಳು ಎಂಜಿನ್ ಆರಿಸಿದಾಗ ತಾವೇ ನ್ಯೂಟ್ರಲ್‌ಗೆ ಹೋಗುತ್ತವೆ, ಆದ್ದರಿಂದ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದಿಡುವುದು ಹ್ಯಾಂಡ್ ಬ್ರೇಕ್ ಮತ್ತು ಚಕ್ರದ ಕೆಳಗಿನ ಮರದ ತುಂಡು ಮಾತ್ರ. ಬ್ಯಾಟರಿ ಇಳಿದುಹೋದರೆ ಇನ್ನೊಂದು ಲಾರಿಯಿಂದ ಎಳೆಸಿ ಸ್ಟಾರ್ಟ್ ಮಾಡಲೂ ಬರುವುದಿಲ್ಲ, ಏಕೆಂದರೆ ಕ್ಲಚ್ ಬಿಡಿಸಲೂ ಗೇರ್ ಕೂಡಿಸಲೂ ಕರೆಂಟೂ ಗಾಳಿಯೂ ಬೇಕು. ಕೆಟ್ಟ ಗಾಡಿಯನ್ನು ಎಳೆದುಕೊಂಡು ಹೋಗಬೇಕಾದಾಗಲಂತೂ ಪ್ರೊಪೆಲ್ಲರ್ ಶಾಫ್ಟನ್ನು, ಇಲ್ಲವೇ ಹಿಂದಿನ ಆಕ್ಸಲ್ ಶಾಫ್ಟ್‌ಗಳನ್ನು, ಬಿಚ್ಚಲೇಬೇಕು. ಗೇರ್‌ಬಾಕ್ಸಿನ ಎಣ್ಣೆಯ ಪಂಪನ್ನು ತಿರುಗಿಸುವುದು ಎಂಜಿನ್ನಿನ ಕಡೆಯ ಶಾಫ್ಟ್. ಎಂಜಿನ್ ನಿಂತು ಚಕ್ರ ಮಾತ್ರ ತಿರುಗುತ್ತಿದ್ದರೆ ಹಿಂಬದಿಯ ರೇಂಜ್ ಭಾಗ ಎಣ್ಣೆಯಿಲ್ಲದೆ ತಿರುಗುತ್ತಿರುತ್ತದೆ. ನಾಲ್ಕಾರು ಬೋಲ್ಟ್ ಬಿಚ್ಚುವ ಅರ್ಧ ಗಂಟೆ ಉಳಿಸಲು ಹೋಗಿ, ಘಾಟಿಯಿಂದ ಊರಿನ ಗ್ಯಾರೇಜ್ ತಲುಪುವಷ್ಟರಲ್ಲಿ ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಯನ್ನೇ ಹಾಳುಮಾಡಿಕೊಳ್ಳಬಹುದು. ಎಳೆಯಲು ಬಂದ ಕ್ರೇನಿನವರು ಅವಸರ ಮಾಡಿದರೂ ಶಾಫ್ಟ್ ಬಿಚ್ಚದೆ ಗಾಡಿಯನ್ನು ಒಂದಡಿಯೂ ಕದಲಿಸಲು ಚಾಲಕ ಬಿಡಕೂಡದು.